ಬಚ್ಚಲ ಕಲ್ಲಿನ ಹಳೆಯ ಹೊಳಪು ಬಿಡಿಸುವಾಗ

ಹಳೆಯ ಮನೆ ಕೊಂಡವರು, ಅಪ್ಪನ ಕಾಲದ ಮನೆಯನ್ನು ಹೊಸದು ಮಾಡಿಸುವವರು ಮೊದಲು ಕೈಹಾಕುವುದು ಬಚ್ಚಲುಮನೆಗೆ. ಅಲ್ಲಿ ನೆಲಕ್ಕೆ ಶಹಾಬಾದ್, ಗೋಡೆಗೆ ಕಡಪ ಅಥವಾ ಒರಟು ಗ್ರಾನೈಟ್ ಹಾಕಿಸಿ, ಚೆನ್ನಾಗಿ ಮಿನುಗಲಿ ಎಂದು ಮೇಲೊಂದು ಕೋಟ್ ಲ್ಯಾಕರನ್ನೋ ವಾರ್ನಿಷನ್ನೋ ಬಳಿಸಿದ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಆ ಕೋಟ್ ಒಂದೇ ರೀತಿಯಲ್ಲಿ ಸಾಯುತ್ತದೆ. ಷವರ್ ಬೀಳುವ ಜಾಗದಲ್ಲಿ ಬಿಳಿ ಮಬ್ಬು, ಬಿಸಿಲು ತಾಗುವ ಕಿಟಕಿಯ ಬಳಿ ಹಳದಿ, ಬಾಗಿಲ ಹೊಸ್ತಿಲಲ್ಲಿ ಸಿಪ್ಪೆ ಎದ್ದ ಪೊರೆ. ಎಷ್ಟು ಉಜ್ಜಿದರೂ ಕೊಳೆ ಹೋಗುವುದಿಲ್ಲ, ಏಕೆಂದರೆ ಕೊಳೆ ಕೂತಿರುವುದು ಪೊರೆಯ ಕೆಳಗೆ.

ಆಗ ಮನೆಯವರು ಮೇಸ್ತ್ರಿಯನ್ನು ಕೇಳುತ್ತಾರೆ. ನೂರಕ್ಕೆ ತೊಂಬತ್ತು ಸಲ ಬರುವ ಉತ್ತರ, "ಆಸಿಡ್ ವಾಶ್ ಮಾಡಿಸಿಬಿಡಿ ಸಾರ್, ಹತ್ತು ನಿಮಿಷದ ಕೆಲಸ." ಈ ಲೇಖನ ಬರೆಯಬೇಕೆನ್ನಿಸಿದ್ದು ಆ ಹತ್ತು ನಿಮಿಷವನ್ನು ತಡೆಯುವುದಕ್ಕೆ.

ಮೊದಲು ಕಾಲ ಕೆಳಗಿರುವ ಕಲ್ಲು ಯಾವುದು ಎಂದು ತಿಳಿಯಬೇಕು. ಉತ್ತರ ಕರ್ನಾಟಕದವರು ಫರಸಿ ಎನ್ನುವ ಶಹಾಬಾದ್ ಕಲ್ಲು ಕಲಬುರಗಿ ಜಿಲ್ಲೆಯ ಭೀಮಾ ಸೀಮೆಯ ಸುಣ್ಣದ ಕಲ್ಲು. ಒಂದು ಕಾಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದರಿಂದ ಅದು ಹಾಳೆ ಹಾಳೆಯಾಗಿ ಸೀಳುತ್ತದೆ. ಗಣಿಯಲ್ಲಿ ಸುತ್ತಿಗೆ, ಉಳಿಯ ಬಲದಲ್ಲೇ ಚಪ್ಪಡಿ ಎಬ್ಬಿಸಬಹುದಾದ್ದರಿಂದ ಬಡವರ ಮನೆಗೂ ಸಿಕ್ಕಿತು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಕೂತಿರುವುದೂ ಇದೇ ಸುಣ್ಣದ ಕಲ್ಲಿನ ಸೀಮೆಯಲ್ಲಿ. ಕಡಪ ಕಲ್ಲು ಬಣ್ಣದಲ್ಲಿ ಕಪ್ಪಾದರೂ ಜಾತಿಯಲ್ಲಿ ಅದೇ ಸುಣ್ಣದ ಕಲ್ಲು. ರಾಜಸ್ಥಾನದಿಂದ ಬರುವ ಕೋಟಾ ಕಲ್ಲೂ ಹಾಗೆಯೇ. ಅಮೃತಶಿಲೆ ಎಂದರೆ ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ ಸುಣ್ಣದ ಕಲ್ಲು. ಇವೆಲ್ಲದರ ಮೈ ಕ್ಯಾಲ್ಸಿಯಂ ಕಾರ್ಬೊನೇಟ್.

ಇಳಕಲ್ಲಿನ ಕೆಂಪು ಗ್ರಾನೈಟ್, ಚಾಮರಾಜನಗರದ ಕಪ್ಪು ಕಲ್ಲು, ಬೆಂಗಳೂರಿನ ಉತ್ತರಕ್ಕಿರುವ ಸಾದರಹಳ್ಳಿಯ ಬೂದು ಕಲ್ಲು ಬೇರೆ ಕುಲದವು. ಬೆಂಕಿಯಲ್ಲಿ ಬೆಂದು ಬಂದ ಇವುಗಳಲ್ಲಿ ಸಿಲಿಕೇಟ್ ಖನಿಜಗಳಿವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಸುಣ್ಣದ ಕಲ್ಲಿನ ಕ್ಯಾಲ್ಸೈಟ್ 3, ಗ್ರಾನೈಟಿನ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಸ್ 7. ಮೊದಲನೆಯದನ್ನು ಚಾಕುವಿನ ತುದಿ ಗೀರುತ್ತದೆ, ಕೊನೆಯದನ್ನು ಗೀರಲಾರದು. ಅನುಮಾನವಿದ್ದರೆ ಉಳಿದಿರುವ ತುಂಡಿನ ಮೇಲೆ, ಅದೂ ಇಲ್ಲದಿದ್ದರೆ ಕಮೋಡಿನ ಹಿಂದಿನ ಮೂಲೆಯಲ್ಲಿ ಪೊರೆಯನ್ನು ಸ್ವಲ್ಪ ಕೆರೆದು, ಬರಿಗಲ್ಲಿನ ಮೇಲೆ ನಿಂಬೆರಸದ ಒಂದು ಹನಿ ಬಿಡಿ. ಸಣ್ಣಗೆ ಗುಳ್ಳೆ ಎದ್ದರೆ, ಇಲ್ಲವೇ ಒರೆಸಿದ ಮೇಲೆ ಮಂಕಾದ ಕಲೆ ಉಳಿದರೆ, ಅದು ಸುಣ್ಣದ ಕಲ್ಲು.

ಒಂದು ಹನಿ ನಿಂಬೆರಸ ಇಷ್ಟು ಮಾಡುವುದಾದರೆ ಕ್ಯಾನಿನಲ್ಲಿ ತಂದು ಸುರಿಯುವ ಹೈಡ್ರೋಕ್ಲೋರಿಕ್ ಆಮ್ಲ ಏನು ಮಾಡಬಹುದು? ಆಮ್ಲ ಮುಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಕ್ಯಾಲ್ಸಿಯಂ ಕ್ಲೋರೈಡ್, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬುರುಬುರು ನೊರೆ ಬರುವುದನ್ನು ನೋಡಿ ಕೊಳೆ ಏಳುತ್ತಿದೆ ಎಂದುಕೊಳ್ಳುತ್ತೇವೆ. ಏಳುತ್ತಿರುವುದು ಕಲ್ಲು. ಇನ್ನೂ ಬೇಸರದ ಸಂಗತಿ, ಆಮ್ಲಕ್ಕೆ ಲ್ಯಾಕರ್, ಪಾಲಿಯುರೆಥೇನ್‌ಗಳ ಪೊರೆ ಸುಲಭಕ್ಕೆ ಬಗ್ಗುವುದಿಲ್ಲ. ಪೊರೆ ಗಟ್ಟಿಯಾಗಿರುವ ಕಡೆ ಅದು ಹಾಗೇ ನಿಲ್ಲುತ್ತದೆ, ಪೊರೆ ಬಿರುಕುಬಿಟ್ಟ ಕಡೆ ಆಮ್ಲ ಒಳನುಗ್ಗಿ ಕಲ್ಲನ್ನು ತಿನ್ನುತ್ತದೆ. ಕೊನೆಗೆ ಸಿಗುವುದು ಅರ್ಧ ಮಿನುಗು, ಅರ್ಧ ಗುಳಿಬಿದ್ದ ನೆಲ. ಚಪ್ಪಡಿಗಳ ನಡುವಿನ ಸಿಮೆಂಟ್ ಸಂದೂ ಸಡಿಲಾಗಿ, ಅಲ್ಲಿಂದ ನೀರು ಕೆಳಗಿಳಿದು, ಮುಂದಿನ ಮಳೆಗಾಲದೊಳಗೆ ಕೆಳಗಿನ ಮನೆಯ ಸೂರಿನಲ್ಲಿ ಒದ್ದೆ ಕಾಣಿಸುತ್ತದೆ. ನಲ್ಲಿ, ಷವರಿನ ಕ್ರೋಮ್ ಲೇಪ ಆಮ್ಲದ ಹೊಗೆಗೇ ಮಾಸುತ್ತದೆ.

ಗ್ರಾನೈಟಿಗೆ ಏನೂ ಆಗುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದರೊಳಗೆ ಕಬ್ಬಿಣದ ಅಂಶವಿರುವ ಖನಿಜಗಳಿರುತ್ತವೆ. ಆಮ್ಲ ಅವನ್ನು ಕೆಣಕಿದರೆ ತಿಂಗಳೊಪ್ಪತ್ತಿನಲ್ಲಿ ಬೂದು ಕಲ್ಲಿನ ಮೇಲೆ ತುಕ್ಕಿನ ಹಳದಿ ಮೂಡುತ್ತದೆ, ಅದನ್ನು ತೆಗೆಯುವುದು ಹಳೆಯ ವಾರ್ನಿಷ್ ತೆಗೆಯುವುದಕ್ಕಿಂತ ಕಷ್ಟ.

ಬಿಡಿ ಆಸಿಡನ್ನು ಅಂಗಡಿಗಳಲ್ಲಿ ಮಾರುವುದಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುಪಾಡು ವಿಧಿಸಿತು. ಆದರೆ ಟಾಯ್ಲೆಟ್ ಕ್ಲೀನರಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಹೈಡ್ರೋಕ್ಲೋರಿಕ್ ಆಮ್ಲವೇ. ಪಿಂಗಾಣಿಯ ಕಮೋಡಿಗೆ ಅದು ಸರಿ, ಪಕ್ಕದ ಶಹಾಬಾದ್ ಕಲ್ಲಿಗೆ ಅಲ್ಲ. ಅದರ ಜೊತೆಗೆ ಬ್ಲೀಚಿಂಗ್ ಪೌಡರ್ ಬೆರೆತರಂತೂ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಂದೇ ದಿನ ಒಂದೇ ಬಚ್ಚಲಲ್ಲಿ ಬಳಸಬೇಡಿ.

ಇನ್ನೊಂದು ಮಾತನ್ನು ಕೊಳವೆಬಾವಿ ನೀರಿನ ಊರಿನವರು ಗಮನಿಸಬೇಕು. ಗಡಸು ನೀರು ಒಣಗಿದ ಕಡೆಯೆಲ್ಲ ಬಿಳಿ ಉಪ್ಪು ಕಟ್ಟುತ್ತದೆ. ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಶಹಾಬಾದ್ ಕಲ್ಲಿನ ಮೈಯೇ. ಉಪ್ಪನ್ನು ಕರಗಿಸುವ ಯಾವ ದ್ರವವಾದರೂ ಕಲ್ಲನ್ನೂ ಕರಗಿಸದೆ ಬಿಡದು, ಅದಕ್ಕೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೀಗಾಗಿ ಸುಣ್ಣದ ಕಲ್ಲಿನ ಮೇಲಿನ ಉಪ್ಪಿನ ಪದರಕ್ಕೆ ವಿನೆಗರ್ ಹಾಕಿ ನೆನೆಸುವ ಮನೆಮದ್ದೂ ಬೇಡ. ಬರೀ ನೀರಿನಲ್ಲಿ ನೆನೆಸಿ, ಅಗಲ ಬ್ಲೇಡನ್ನು ಮಲಗಿಸಿ ಹಿಡಿದು, ಮೆಲ್ಲಗೆ ಕೆರೆದೇ ತೆಗೆಯಬೇಕು.

ಇಷ್ಟಕ್ಕೂ ಕಲ್ಲಿಗೆ ಈ ಪೊರೆ ಯಾಕೆ ಬಂತು? ಕಡಪ ಕಲ್ಲನ್ನು ತೊಳೆದಾಗ ಕಪ್ಪಗೆ ಹೊಳೆಯುತ್ತದೆ, ಒಣಗಿದಾಗ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಒಣಕಲ್ಲಿನ ಸಣ್ಣ ಸಣ್ಣ ಏರುತಗ್ಗುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಕಣ್ಣಿಗೆ ಬಿಳಚಾಗಿ ಕಾಣುತ್ತದೆ. ನೀರು ಆ ತಗ್ಗುಗಳನ್ನು ತುಂಬಿದಾಗ ಒಳಗಿನ ಬಣ್ಣ ಕಾಣುತ್ತದೆ. ಅಂಗಡಿಯಲ್ಲಿ ನೀರು ಚಿಮುಕಿಸಿ ತೋರಿಸಿದ ಬಣ್ಣವೇ ಮನೆಯಲ್ಲೂ ಇರಲಿ ಎಂಬ ಆಸೆಗೆ ವಾರ್ನಿಷ್ ಬಂತು. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ವಾರ್ನಿಷನ್ನು ಮಾಡಿದ್ದು ಮರಕ್ಕೆ, ಹಜಾರದ ಒಣ ಗೋಡೆಗೆ. ಬಚ್ಚಲಿನಲ್ಲಿ ನೀರು ಮೇಲಿನಿಂದಷ್ಟೇ ಬರುವುದಿಲ್ಲ. ಕಲ್ಲಿನ ಹಿಂದಿನ ಗಾರೆ, ಸಂದು, ಪೈಪಿನ ಸುತ್ತಲಿನ ಗೋಡೆ ಎಲ್ಲವೂ ಸದಾ ತೇವ. ಆ ತೇವ ಕಲ್ಲಿನ ರಂಧ್ರಗಳ ಮೂಲಕ ಆವಿಯಾಗಿ ಹೊರಬರಬೇಕು. ಮೇಲೆ ಪೊರೆ ಮುಚ್ಚಿದರೆ ಆವಿ ಪೊರೆಯ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಳಿ ಮಬ್ಬು ಎಂದರೆ ಅದು. ಆವಿಯ ಜೊತೆ ಬಂದ ಲವಣ ಅಲ್ಲೇ ಹರಳುಗಟ್ಟಿ ಪೊರೆಯನ್ನು ಎತ್ತುತ್ತದೆ, ಒಮ್ಮೊಮ್ಮೆ ಕಲ್ಲಿನ ಮೇಲ್ಪದರವನ್ನೂ ಸಿಡಿಸುತ್ತದೆ. ಪದರಗಲ್ಲಾದ ಶಹಾಬಾದಿಗೆ ಈ ಭಯ ಹೆಚ್ಚು.

ಕಲ್ಲು ಗೊತ್ತಾದ ಮೇಲೆ ಪೊರೆಯ ಜಾತಿ ನೋಡಬೇಕು. ಬಾಗಿಲ ಹಿಂದಿನ ಮೂಲೆಯಲ್ಲಿ ಅಂಗೈಯಗಲ ಜಾಗ ಆರಿಸಿಕೊಳ್ಳಿ. ಉಗುರಿನಿಂದ ಗೀಚಿದಾಗ ಬಿಳಿ ಗೆರೆ ಮೂಡಿ ಉಗುರಿಗೆ ಜಿಡ್ಡು ಹತ್ತಿದರೆ ಮೇಣದ ಪಾಲಿಶ್. ಉಗುರುಬಣ್ಣ ಒರೆಸುವ ಅಸಿಟೋನಿನಲ್ಲಿ ಹತ್ತಿ ಅದ್ದಿ ಒಂದೆರಡು ನಿಮಿಷ ಇಟ್ಟಾಗ ಪೊರೆ ಮೆದುವಾಗಿ ಅಂಟಂಟಾದರೆ ಅಕ್ರಿಲಿಕ್ ಸೀಲರ್ ಅಥವಾ ಎನ್‌ಸಿ ಲ್ಯಾಕರ್. ಅಸಿಟೋನಿಗೂ ಜಗ್ಗದೆ, ಬ್ಲೇಡಿನಿಂದ ಕೆರೆದಾಗ ಸುರುಳಿ ಸುರುಳಿಯಾಗಿ ಏಳುವುದು ಪಾಲಿಯುರೆಥೇನ್ ಅಥವಾ ಎಪಾಕ್ಸಿ. ನೀರಿನ ಹನಿ ಮುತ್ತಿನಂತೆ ನಿಂತರೂ ಬ್ಲೇಡಿಗೆ ಏನೂ ಸಿಗದಿದ್ದರೆ ಕಲ್ಲಿನೊಳಗೆ ಇಂಗಿರುವ ಸೈಲೇನ್, ಸೈಲಾಕ್ಸೇನ್ ಮಾದರಿಯ ಸೀಲರ್ ಇದೆ ಎಂದು ಅರ್ಥ. ಅದನ್ನು ಬಿಡಿಸಲು ಹೋಗಬೇಡಿ. ಅದು ಪೊರೆ ಕಟ್ಟುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ.

ಮೇಣ, ಎಣ್ಣೆಜಿಡ್ಡುಗಳ ಕತೆ ಸುಲಭ. ನಮ್ಮ ಅಜ್ಜಿಯರು ಯುಗಾದಿ, ದೀಪಾವಳಿಯ ಎಣ್ಣೆಸ್ನಾನ ಮುಗಿದ ಮೇಲೆ ಬಚ್ಚಲ ಕಲ್ಲಿಗೆ ಒಲೆಯ ಬೂದಿ ಚೆಲ್ಲಿ, ತೆಂಗಿನ ನಾರಿನಲ್ಲಿ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರು. ಬೂದಿಯಲ್ಲಿರುವ ಕ್ಷಾರ ಎಣ್ಣೆಯನ್ನು ಸಾಬೂನಾಗಿ ಪರಿವರ್ತಿಸುತ್ತದೆ, ಸಾಬೂನನ್ನು ನೀರು ಒಯ್ಯುತ್ತದೆ. ಇಂದು ಅಂಗಡಿಯಲ್ಲಿ ಫ್ಲೋರ್ ಸ್ಟ್ರಿಪ್ಪರ್ ಎಂದು ದೊರೆಯುವ ದ್ರವಗಳಲ್ಲಿ ಹೆಚ್ಚಿನವು ಈ ಕ್ಷಾರದ ದಾರಿಯನ್ನೇ ಹಿಡಿದವು. ಸುಣ್ಣದ ಕಲ್ಲಿಗೆ ಆಮ್ಲ ವೈರಿ, ಕ್ಷಾರ ಅಷ್ಟಾಗಿ ಅಲ್ಲ. ಆದ್ದರಿಂದ ಮೇಣ, ಅಕ್ರಿಲಿಕ್, ಎಣ್ಣೆ ಆಧಾರದ ವಾರ್ನಿಷ್ ಇವುಗಳಿಗೆ ಮೊದಲು ಪ್ರಯತ್ನಿಸಬೇಕಾದದ್ದು ಕ್ಷಾರದ ಸ್ಟ್ರಿಪ್ಪರ್. ಹಳೆಯ ಮೇಣಕ್ಕೆ ಟರ್ಪೆಂಟೈನ್ ಅದ್ದಿದ ಬಟ್ಟೆಯೂ ಸಾಕು.

ಇದರಲ್ಲಿ ಕೆಲಸ ಕೆಡುವುದು ಅವಸರದಿಂದ. ದ್ರವ ಸುರಿದ ಕೂಡಲೇ ಉಜ್ಜಲು ಕೂತರೆ ಕೈ ಸೋಲುತ್ತದೆ, ಪೊರೆ ಸೋಲುವುದಿಲ್ಲ. ಹತ್ತು ಹದಿನೈದು ನಿಮಿಷ ನೆನೆಯಲು ಬಿಡಬೇಕು, ಅಷ್ಟು ಹೊತ್ತೂ ಅದು ಒಣಗದಂತೆ ಮತ್ತೆ ಮತ್ತೆ ತೇವ ಮಾಡುತ್ತಿರಬೇಕು. ಒಣಗಿದರೆ ಕರಗಿದ ಪೊರೆ ಮತ್ತೆ ಕಲ್ಲಿಗೇ ಅಂಟುತ್ತದೆ. ಒಂದು ಸಲಕ್ಕೆ ನಾಲ್ಕೈದು ಚಪ್ಪಡಿ ಸಾಕು. ನೈಲಾನ್ ಬ್ರಷ್ ಬಳಸಿ, ಕಬ್ಬಿಣದ ಸ್ಕ್ರಬ್ ಬೇಡ. ಅದರ ಎಳೆ ಮುರಿದು ಸಂದಿಯಲ್ಲಿ ಉಳಿದರೆ ತುಕ್ಕು ಹಿಡಿಯುತ್ತದೆ. ಎದ್ದ ಕೆಸರನ್ನು ವೆಟ್ ವ್ಯಾಕ್ಯೂಮಿನಿಂದಲೋ ಬಟ್ಟೆಯಿಂದಲೋ ಬಳಿದು ಬಕೆಟ್ಟಿಗೆ ಹಾಕಬೇಕೇ ಹೊರತು ನಹನಿ ಟ್ರ್ಯಾಪಿಗೆ ತಳ್ಳಬಾರದು, ಕರಗಿದ ಪ್ಲಾಸ್ಟಿಕ್ ಪೈಪಿನೊಳಗೆ ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಶುದ್ಧ ನೀರಿನಲ್ಲಿ ತೊಳೆಯುವುದು, ಬಳಿಯುವುದು, ಮತ್ತೆ ತೊಳೆಯುವುದು. ಕೈಗೆ ಜಾರುವ ಸಾಬೂನಿನ ಅನುಭವ ಹೋಗುವವರೆಗೂ ಕ್ಷಾರ ಉಳಿದಿದೆ ಎಂದೇ ತಿಳಿಯಿರಿ. ಕೈಗವಸು, ಕನ್ನಡಕ ಬೇಕೇ ಬೇಕು, ಗಟ್ಟಿ ಕ್ಷಾರ ಕಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ಆಮ್ಲಕ್ಕಿಂತಲೂ ಕೆಟ್ಟದ್ದು.

ಪಾಲಿಯುರೆಥೇನ್, ಎಪಾಕ್ಸಿಗಳು ಕ್ಷಾರಕ್ಕೆ ಕರಗುವುದಿಲ್ಲ. ಅವಕ್ಕೆ ಪೇಂಟ್ ರಿಮೂವರ್ ಬೇಕು. ಇಲ್ಲಿಂದ ಮುಂದಿನ ಮಾತನ್ನು ಮನೆಯವರೂ ಕೆಲಸ ಮಾಡುವವರೂ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಬೇಗ ಕೆಲಸ ಮಾಡುವ ಪೇಂಟ್ ರಿಮೂವರುಗಳಲ್ಲಿ ಬಹುಕಾಲದಿಂದ ಬಳಕೆಯಾಗುತ್ತ ಬಂದದ್ದು ಡೈಕ್ಲೋರೋಮೀಥೇನ್. ಮೆಥಿಲೀನ್ ಕ್ಲೋರೈಡ್ ಎಂಬ ಹೆಸರೂ ಅದಕ್ಕಿದೆ. ಅದು ಕುದಿಯುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಬೇಸಿಗೆಯಲ್ಲಿ ಡಬ್ಬದ ಮುಚ್ಚಳ ತೆರೆದರೆ ಸಾಕು, ಆವಿ ಏಳುತ್ತದೆ. ಆ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಹಾಗಾಗಿ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ನಮ್ಮ ಬಚ್ಚಲುಮನೆಗಳಲ್ಲಿ ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನ್ ಇರುವುದು ಸೂರಿನ ಹತ್ತಿರ. ನೆಲ ಉಜ್ಜುವವನು ಕೂತಿರುವುದು ಕುಕ್ಕುರುಗಾಲಲ್ಲಿ, ಮೂಗು ನೆಲದಿಂದ ಎರಡಡಿ ಎತ್ತರದಲ್ಲಿ. ಆವಿ ಮೊದಲು ತಲೆಸುತ್ತು ತರುತ್ತದೆ, ನಂತರ ಎಚ್ಚರ ತಪ್ಪಿಸುತ್ತದೆ. ದೇಹದೊಳಗೆ ಹೋದ ಮೇಲೆ ಅದರ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ.

ಇದು ಊಹೆಯ ಭಯವಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2012ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2000ದಿಂದ 2011ರವರೆಗೆ ಅಲ್ಲಿ ಸ್ನಾನದ ತೊಟ್ಟಿಗಳ ಹಳೆಯ ಲೇಪ ಬಿಡಿಸುತ್ತಿದ್ದ 13 ಕೆಲಸಗಾರರು ಈ ಒಂದು ರಾಸಾಯನಿಕದಿಂದ ಸತ್ತಿದ್ದರು. ಎಲ್ಲವೂ ಸ್ನಾನದ ಕೋಣೆಯ ತೊಟ್ಟಿ ಕೆಲಸದ ಸಾವುಗಳು. 2019ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂಥ ಪೇಂಟ್ ರಿಮೂವರುಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಷೇಧಿಸಿತು, 2024ರಲ್ಲಿ ನಿಷೇಧವನ್ನು ಇನ್ನಷ್ಟು ಬಳಕೆಗಳಿಗೆ ಹಿಗ್ಗಿಸಿತು. ಐರೋಪ್ಯ ಒಕ್ಕೂಟ ಅದಕ್ಕೂ ಮೊದಲೇ ತಡೆ ಹಾಕಿತ್ತು. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಪೇಂಟರುಗಳು ಹಾಕುವ ಕಾರ್ಟ್ರಿಜ್ ಮಾಸ್ಕನ್ನೂ ಇದಕ್ಕೆ ನಂಬುವಂತಿಲ್ಲ. ಹೊರಗಿನಿಂದ ಕೊಳವೆಯಲ್ಲಿ ಗಾಳಿ ಪೂರೈಸುವ ಮುಸುಕೇ ಬೇಕು. ಅಂಥದ್ದನ್ನು ನಮ್ಮ ಯಾವ ಬಚ್ಚಲು ಕೆಲಸದವರ ಬಳಿ ಕಂಡಿದ್ದೇವೆ? ಆದ್ದರಿಂದ ಡಬ್ಬದ ಮೇಲೆ ಆ ಎರಡು ಹೆಸರುಗಳಲ್ಲಿ ಒಂದು ಕಂಡರೂ ಅಂಗಡಿಯಲ್ಲೇ ಬಿಟ್ಟುಬನ್ನಿ. ಹೆಸರೇ ಬರೆದಿರದ ಡಬ್ಬವನ್ನೂ ಮುಟ್ಟಬೇಡಿ.

ಬದಲಿಗೆ ಬೆಂಜೈಲ್ ಆಲ್ಕೊಹಾಲ್ ಆಧಾರದ ಜೆಲ್ ರಿಮೂವರುಗಳಿವೆ. ಕೊಳ್ಳುವಾಗ ಆಮ್ಲ ಬೆರೆಸಿಲ್ಲದ್ದನ್ನೇ ಕೇಳಿ ತನ್ನಿ. ಅವು ನಿಧಾನ. ದಪ್ಪಗೆ ಹಚ್ಚಿ, ಮೇಲೆ ಪಾಲಿಥೀನ್ ಹಾಳೆ ಹೊದಿಸಿ, ಅಂಚಿಗೆ ಟೇಪ್ ಅಂಟಿಸಿ ಗಂಟೆಗಟ್ಟಲೆ ಬಿಡಬೇಕಾಗುತ್ತದೆ. ಮರುದಿನ ಪ್ಲಾಸ್ಟಿಕ್ ಚಮಚೆಯಿಂದ ಎಬ್ಬಿಸಿದರೆ ಪೊರೆ ಸುಕ್ಕುಗಟ್ಟಿ ಬರುತ್ತದೆ. ಸಂದಿಯಲ್ಲಿ ಎಪಾಕ್ಸಿ ಗ್ರೌಟ್ ಇದ್ದರೆ ಅದೂ ಮೆದುವಾಗುತ್ತದೆ, ಟೇಪಿನಿಂದ ಮುಚ್ಚಿಕೊಳ್ಳಿ.

ಲ್ಯಾಕರ್ ಕರಗಿಸುವ ಅಸಿಟೋನ್, ಎನ್‌ಸಿ ಥಿನ್ನರ್‌ಗಳು ಬೇರೆ ಬಗೆಯ ಅಪಾಯ. ಅವು ಬೆಂಕಿ. ನಮ್ಮ ಎಷ್ಟೋ ಬಚ್ಚಲುಗಳಲ್ಲಿ ಗ್ಯಾಸ್ ಗೀಸರ್ ಒಳಗೇ ಇರುತ್ತದೆ. ಥಿನ್ನರ್ ಆವಿ ತುಂಬಿದ ಕೋಣೆಯಲ್ಲಿ ಯಾರೋ ನಲ್ಲಿ ತಿರುಗಿಸಿ ಗೀಸರ್ ಹೊತ್ತಿಕೊಂಡರೆ ಮುಗಿಯಿತು. ಸಿಲಿಂಡರಿನ ವಾಲ್ವ್ ಮುಚ್ಚಿ, ಬಚ್ಚಲಿನ ವಿದ್ಯುತ್ತನ್ನು ಮೇನಿನಲ್ಲೇ ಆರಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಒಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು.

ರಾಸಾಯನಿಕದ ಗೊಡವೆಯೇ ಬೇಡವೆಂದು ಯಂತ್ರದ ಮೊರೆ ಹೋಗುವವರಿದ್ದಾರೆ. ಗಟ್ಟಿ ಪೊರೆಗೆ, ಗುಳಿಬಿದ್ದ ಕಲ್ಲಿಗೆ ಅದೇ ಸರಿಯಾದ ದಾರಿ ಎನ್ನುವುದು ನನ್ನ ಅಭಿಪ್ರಾಯವೂ ಹೌದು. ವಜ್ರದ ಪುಡಿ ಕೂಡಿಸಿದ ಪ್ಯಾಡುಗಳಿಂದ 50, 100, 200, 400 ಹೀಗೆ ಒರಟಿನಿಂದ ನಯಕ್ಕೆ ಏರುತ್ತ ಹೋಗುತ್ತಾರೆ. ಹಜಾರದ ನೆಲವಾದರೆ 3000ದವರೆಗೂ ಹೋಗಿ ಕನ್ನಡಿಯ ಹೊಳಪು ತರಬಹುದು. ಬಚ್ಚಲ ನೆಲಕ್ಕೆ 200 ಅಥವಾ 400ರಲ್ಲಿ ನಿಲ್ಲಿಸಬೇಕು. ಅದಕ್ಕಿಂತ ನಯವಾದರೆ ಸಾಬೂನಿನ ನೀರು ಬಿದ್ದಾಗ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದೇ ಕಾರಣ ಸಾಕು. ಹಳೆಯ ಶಹಾಬಾದ್ ಚಪ್ಪಡಿಗಳು ದಪ್ಪ, ಸವೆಸಿದರೂ ತಡೆಯುತ್ತವೆ. ಈಚಿನ ತೆಳು ಕಲ್ಲಿನ ಟೈಲುಗಳನ್ನು ಸವೆಸುವ ಮುನ್ನ ಯೋಚಿಸಿ.

ಆದರೆ ಯಂತ್ರ ನೀರಿನಲ್ಲೇ ಓಡಬೇಕು. ಒಣ ಗ್ರೈಂಡರ್ ಹಿಡಿದು ಗ್ರಾನೈಟ್ ಉಜ್ಜಿದರೆ ಕ್ವಾರ್ಟ್ಸಿನ ನುಣ್ಣನೆ ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ. ಸಿಲಿಕೋಸಿಸ್ ಎಂದರೇನೆಂದು ಕೋಲಾರದ ಚಿನ್ನದ ಗಣಿಯ ಕುಟುಂಬಗಳನ್ನು ಕೇಳಿದರೆ ಹೇಳುತ್ತವೆ. ಅದಕ್ಕೆ ಮದ್ದಿಲ್ಲ. ನೀರು, ವಿದ್ಯುತ್ತು ಒಂದೇ ಕಡೆ ಸೇರುವುದರಿಂದ ಇಎಲ್‌ಸಿಬಿ ಇರುವ ಲೈನಿನಲ್ಲಿ ಮಾತ್ರ ಯಂತ್ರ ನಡೆಸಬೇಕು.

ಪೊರೆ ಪೂರ್ತಿ ಹೋದ ದಿನ ಮನೆಯವರ ಮುಖ ಸಪ್ಪಗಾಗುತ್ತದೆ. ಕಡಪ ಕಲ್ಲು ಬೂದು ಬೂದಾಗಿ, ಶಹಾಬಾದಿ ಬಿಳಚಿಕೊಂಡು ಕಾಣುತ್ತದೆ. ಬಣ್ಣ ಹೋಯಿತು ಎಂದು ಗಾಬರಿಪಟ್ಟು ಅಂದೇ ಸಂಜೆ ಮತ್ತೊಂದು ಡಬ್ಬ ವಾರ್ನಿಷ್ ತರಿಸುವವರಿದ್ದಾರೆ. ಅದು ಕಲ್ಲಿನ ಸ್ವಂತ ಬಣ್ಣ, ಹೋದದ್ದು ಏನೂ ಇಲ್ಲ. ಒಂದೆರಡು ವಾರ ಕಣ್ಣಿಗೆ ರೂಢಿಯಾಗಲಿ. ಅಷ್ಟರಲ್ಲಿ ಕಲ್ಲೂ ಒಣಗಬೇಕಾಗಿದೆ. ಕನಿಷ್ಠ ಎರಡು ಮೂರು ದಿನ ಸ್ನಾನವನ್ನು ಬೇರೆ ಬಚ್ಚಲಿಗೆ ವರ್ಗಾಯಿಸಿ, ಒಂದು ಚದರಡಿ ಪಾಲಿಥೀನ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕೆಳಗಿನ ಕಲ್ಲು ಗಾಢವಾಗಿದ್ದರೆ ತೇವ ಇನ್ನೂ ಬರುತ್ತಿದೆ. ಆ ಸ್ಥಿತಿಯಲ್ಲಿ ಏನು ಹಚ್ಚಿದರೂ ನಿಲ್ಲುವುದಿಲ್ಲ. ದಿನಗಟ್ಟಲೆ ಒಣಗಿಸಿದರೂ ಹನಿ ನಿಲ್ಲದಿದ್ದರೆ ಪೈಪು, ಸಂದು, ವಾಟರ್‌ಪ್ರೂಫಿಂಗ್ ನೋಡಿಸಬೇಕು. ಕಾಯಿಲೆ ಕಲ್ಲಿನದ್ದಲ್ಲ.

ಒಣಗಿದ ಮೇಲೆ ಹಚ್ಚಲೇಬೇಕಾದರೆ ಇಂಗುವ ಸೀಲರ್ ಹಚ್ಚಿ. ಕಲ್ಲು ಹೀರುವಷ್ಟು ಹೀರಿಕೊಂಡ ಮೇಲೆ, ಉಳಿದದ್ದನ್ನು ಕೆಲವೇ ನಿಮಿಷಗಳಲ್ಲಿ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅದೂ ಪೊರೆಯೇ. ಕಡಪದ ಕಪ್ಪು ಬೇಕೇ ಬೇಕೆನ್ನುವವರಿಗೆ ಬಣ್ಣ ಗಾಢಗೊಳಿಸುವ ಇಂಗುವ ಸೀಲರುಗಳೂ ಇವೆ, ವಾರ್ನಿಷಿನ ಮಿನುಗು ಬರದಿದ್ದರೂ ಒದ್ದೆ ಕಲ್ಲಿನ ಬಣ್ಣ ಬಹುಮಟ್ಟಿಗೆ ಬರುತ್ತದೆ. ಸ್ನಾನವಾದ ಮೇಲೆ ವೈಪರ್ ಎಳೆಯುವುದು, ಆಮ್ಲವಿಲ್ಲದ ಸೌಮ್ಯ ಸಾಬೂನಿನಲ್ಲಿ ತೊಳೆಯುವುದು, ದಿನ ನಿತ್ಯಕ್ಕೆ ಇಷ್ಟೇ ಸಾಕು. ಮಳಖೇಡದ ಕೋಟೆಯ ಗೋಡೆಗಳಲ್ಲೂ ಇದೇ ಸೀಮೆಯ ಕಲ್ಲಿದೆ. ಮಳೆ, ಬಿಸಿಲನ್ನು ಅದು ವಾರ್ನಿಷ್ ಇಲ್ಲದೆಯೇ ತಡೆದುಕೊಂಡು ನಿಂತಿದೆ.

ಈ ಕೆಲಸಕ್ಕೆ ಜನ ಕರೆಸುವವರಲ್ಲಿ ಒಂದು ಕೋರಿಕೆ. ಮೇಸ್ತ್ರಿಗೆ ಒಟ್ಟು ಗುತ್ತಿಗೆ ಕೊಟ್ಟು ಸಂಜೆಯೊಳಗೆ ಮುಗಿಸಿ ಎಂದರೆ ಅವರು ಆಸಿಡ್ಡನ್ನೇ ತರುತ್ತಾರೆ, ಒಣ ಗ್ರೈಂಡರನ್ನೇ ಹಿಡಿಯುತ್ತಾರೆ. ಅವಸರ ನಮ್ಮದು, ಅಪಾಯ ಅವರದು. ನಾಲ್ಕು ದಿನದ ಕೆಲಸಕ್ಕೆ ನಾಲ್ಕು ದಿನದ ಕೂಲಿ ಕೊಡಿ, ಕೈಗವಸು ಕನ್ನಡಕಗಳನ್ನು ನೀವೇ ತಂದುಕೊಡಿ, ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಗಾಳಿ ಕುಡಿಯಲು ಹೇಳಿ. ರಿಮೂವರಿನ ಡಬ್ಬ ತೆರೆಯುವ ಮುನ್ನ ಅದರ ಮೇಲಿನ ಸಣ್ಣ ಅಕ್ಷರಗಳನ್ನು ನೀವು ಓದಿ, ಅವರಿಗೂ ಓದಿ ಹೇಳಿ.